ನೆಲಮಾಳಿಗೆಯ ಉಗಿ

ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ನಾವು ಯಾರೂ ಯಂತ್ರವೆಂದು ಎಣಿಸುವುದಿಲ್ಲ. ಮೂರು ಕೂಗು ಬಂದ ಮೇಲೆ ಒಲೆ ಆರಿಸೆಂದು ಮಕ್ಕಳಿಗೆ ಹೇಳಿ, ಪಕ್ಕದ ಮನೆಯಲ್ಲಿ ಮಾತಿಗೆ ಕೂರುವಷ್ಟು ಸಲಿಗೆ ಅದರೊಡನೆ ನಮಗಿದೆ. ಆದರೆ ಅದರ ಮುಚ್ಚಳದ ಒಂದೊಂದು ಚದರ ಸೆಂಟಿಮೀಟರನ್ನೂ ಒಳಗಿನ ಉಗಿ ಹೆಚ್ಚು ಕಡಮೆ 1 ಕಿಲೋಗ್ರಾಂ ಭಾರದಿಂದ ಒತ್ತುತ್ತಿರುತ್ತದೆ. ಅಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯದೆ 120ರ ಬಳಿ ಕುದಿಯುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಅದೇ.

ಹೆಚ್ಚು ಕಡಮೆ ಇದೇ ಒತ್ತಡ, ಅಮೆರಿಕದವರ ಲೆಕ್ಕದಲ್ಲಿ ಚದರ ಅಂಗುಲಕ್ಕೆ 15 ಪೌಂಡು, ಅಲ್ಲಿಯ ನಗರಗಳಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಉಗಿ ಬಾಯ್ಲರಿಗೆ ವಿಧಿಸಿರುವ ಮೇರೆ. ಅದನ್ನು ದಾಟದ ಬಾಯ್ಲರನ್ನು ಅವರು 'ಕಡಮೆ ಒತ್ತಡದ್ದು' ಎಂದು ಕರೆಯುತ್ತಾರೆ. ನಮ್ಮ ದೇಶದಲ್ಲಿಯೂ, 1923ರ ಬಾಯ್ಲರ್ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಬಂದ ಹೊಸ ಕಾಯಿದೆ, ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗಿಂತ ಕಡಮೆ ಒತ್ತಡದ ಪಾತ್ರೆಯನ್ನು ಬಾಯ್ಲರೆಂದೇ ಗಣಿಸುವುದಿಲ್ಲ. ಹೆಸರಿನಲ್ಲಿಯೇ 'ಕಡಮೆ' ಎಂದಿರುವ ವಸ್ತುವಿಗೆ ಮನುಷ್ಯ ಹೆದರುವುದೂ ಕಡಮೆ. ನಾನು ಹನ್ನೊಂದು ಚಳಿಗಾಲಗಳನ್ನು ನ್ಯೂಯಾರ್ಕಿನ ನೆಲಮಾಳಿಗೆಗಳಲ್ಲಿ ಇಂಥ ಬಾಯ್ಲರುಗಳ ಸಹವಾಸದಲ್ಲಿ ಕಳೆದವನು. ಈ ಹೆಸರಿಗೆ ನಾನೂ ಒಮ್ಮೆ ಮೋಸಹೋಗಿದ್ದೆ. ಆ ಸಂಗತಿ ಹೇಳುವ ಮುಂಚೆ ಒಂದು ಸಣ್ಣ ಲೆಕ್ಕ.

ಕುಕ್ಕರಿನಲ್ಲಿರುವುದು ಒಂದೆರಡು ಲೀಟರು ನೀರು. ಆರು ಅಂತಸ್ತಿನ ವಠಾರಕ್ಕೆ ಶಾಖ ಕೊಡುವ ಬಾಯ್ಲರಿನಲ್ಲಿ ಸಾವಿರ ಲೀಟರು ಇದೆ ಎಂದುಕೊಳ್ಳಿ. 120 ಡಿಗ್ರಿಗೆ ಕಾದ ಆ ನೀರು ಲೋಹ ಬಿರಿದು ಏಕಾಏಕಿ ಹೊರಗಿನ ಗಾಳಿಗೆ ತೆರೆದುಕೊಂಡರೆ, ಅದರಲ್ಲಿ ಸುಮಾರು 40 ಕಿಲೋಗ್ರಾಂ ನೀರು ಕಣ್ಣು ಮಿಟುಕಿಸುವುದರೊಳಗೆ ಉಗಿಯಾಗುತ್ತದೆ. ಆ ಉಗಿಗೆ ಬೇಕಾದ ಜಾಗ, ಹದಿನೈದಡಿ ಉದ್ದ, ಹದಿನೈದಡಿ ಅಗಲ, ಹತ್ತಡಿ ಎತ್ತರದ ಒಂದು ಇಡೀ ಕೋಣೆ. ಇನ್ನು ಒತ್ತಡದ ಮಾತು. ಒಂದು ಮೀಟರು ಅಡ್ಡಳತೆಯ ಬಾಯ್ಲರಿನ ಮುಖವನ್ನು 15 ಪೌಂಡಿನ ಉಗಿ ಎಂಟು ಟನ್ನಿನ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಇದು ಎಲ್ಲವೂ ಸರಿಯಿರುವಾಗಿನ ಮಾತು. ದಿನನಿತ್ಯದ ಕೆಲಸಕ್ಕೆ ಇಷ್ಟೂ ಬೇಕಾಗದು, ಒಂದೆರಡು ಪೌಂಡು ಸಾಕು. ಬೆಂಕಿಯನ್ನು ಆರಿಸಬೇಕಾದ ಸಲಕರಣೆ ಕೆಟ್ಟು, ಸೇಫ್ಟಿ ವಾಲ್ವು ಜಡವಾಗಿ ಕುಳಿತರೆ, ಒತ್ತಡವೇನೂ ನಾವಿಟ್ಟ ಹೆಸರನ್ನು ನೋಡಿಕೊಂಡು ನಿಲ್ಲುವುದಿಲ್ಲ.

1962ರ ಅಕ್ಟೋಬರ್ 3ರಂದು ಮ್ಯಾನ್‌ಹಟನ್ನಿನ ಉತ್ತರ ತುದಿಯ ಒಂದು ಟೆಲಿಫೋನ್ ಕಚೇರಿಯಲ್ಲಿ ಹೀಗೆ ಶಾಖದ ಬಾಯ್ಲರು ಸಿಡಿಯಿತು. ಮಧ್ಯಾಹ್ನದ ಊಟದ ಹೊತ್ತು. ಸಿಡಿದ ರಭಸ ಊಟದ ಕೋಣೆಗೇ ನುಗ್ಗಿತು. 23 ಮಂದಿ ಸತ್ತರು, ತೊಂಬತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಇಪ್ಪತ್ತು ವರ್ಷಗಳ ಅನಂತರ, 1982ರ ಜನವರಿಯಲ್ಲಿ, ಒಕ್ಲಾಹೊಮಾ ರಾಜ್ಯದ ಸ್ಪೆನ್ಸರ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಸಿಡಿದದ್ದು ಬಾಯ್ಲರು ಕೂಡ ಅಲ್ಲ, ಬಿಸಿನೀರಿನ ಒಂದು ತೊಟ್ಟಿ. ಅದೂ ಊಟದ ವೇಳೆಯೇ. ಆರು ಮಕ್ಕಳು, ಒಬ್ಬ ಉಪಾಧ್ಯಾಯಿನಿ ಹೋದರು. ನಮ್ಮ ಬಚ್ಚಲಮನೆಯ ಹಂಡೆ ಎಷ್ಟು ಕುದಿದರೂ ನಮಗೆ ಅಪಾಯ ಮಾಡದಿರುವುದು ಅದರ ಬಾಯಿ ತೆರೆದಿರುವುದರಿಂದ. ಬಾಯಿ ಮುಚ್ಚಿದ ಹಂಡೆಗೆ ಸೇಫ್ಟಿ ವಾಲ್ವೇ ಬಾಯಿ. ಹನಿ ಸೋರುತ್ತದೆಂದು ಅದಕ್ಕೆ ಬಿರಟೆ ಜಡಿದವರನ್ನು ನಾನು ಕಂಡಿದ್ದೇನೆ.

ಈಗ ನನ್ನ ಸಂಗತಿ. 1984ರ ಜನವರಿ. ಬ್ರಾಂಕ್ಸ್ ಭಾಗದಲ್ಲಿ ನಲವತ್ತು ಸಂಸಾರಗಳಿದ್ದ ಒಂದು ಹಳೆಯ ಕಟ್ಟಡ. ಇಂಥ ಕಟ್ಟಡಗಳನ್ನು ನೋಡಿಕೊಳ್ಳುವವನನ್ನು ಅಲ್ಲಿ 'ಸೂಪರ್' ಎನ್ನುತ್ತಾರೆ. ನಮ್ಮ ಸೂಪರ್ ಪೋರ್ಟೊರಿಕೊ ದ್ವೀಪದ ಮುದುಕ. ಶಾಲೆ ಕಂಡದ್ದು ಅಷ್ಟಕ್ಕಷ್ಟೆ, ಆದರೆ ಬಾಯ್ಲರಿನ ಉಸಿರು ಕೇಳಿ ಕಾಯಿಲೆ ಹೇಳಬಲ್ಲ ವೈದ್ಯ. ನಾನೋ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಬಂದವನು, ಅವನ ಮೇಲ್ವಿಚಾರಕ. ಕ್ರಿಸ್‌ಮಸ್ಸಿಗೆ ಅವನು ಮೂರು ವಾರ ತನ್ನೂರಿಗೆ ಹೋದಾಗ ಬಾಯ್ಲರಿನ ಹೊಣೆ ನನಗೆ ಬಂತು. ಹೋಗುವಾಗ ಅವನು ಹೇಳಿದ್ದು ಒಂದೇ ಮಾತು: ವಾರಕ್ಕೊಮ್ಮೆ ಕೆಸರು ತೆಗೆಯಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯ್ಲರಿನ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ, ಅದರೊಳಗೆ ತೇಲುವ ಒಂದು ಗುಂಡು. ನೀರು ಇಳಿದರೆ ಗುಂಡೂ ಇಳಿದು ಬರ್ನರಿನ ವಿದ್ಯುತ್ತನ್ನು ಕಡಿಯುತ್ತದೆ, ಬೆಂಕಿ ಆರುತ್ತದೆ. ಇಡೀ ಕಟ್ಟಡದ ಪ್ರಾಣ ಈ ಗುಂಡಿನ ಮೇಲೆ. ಆದರೆ ತುಕ್ಕಿನ ಕೆಸರು ಡಬ್ಬಿಯ ತಳದಲ್ಲಿ ಕೂಡುತ್ತ ಹೋದರೆ, ನೀರಿಲ್ಲದಿದ್ದರೂ ಗುಂಡು ಕೆಸರಿನ ಮೇಲೆ ಕುಳಿತು, ನೀರಿದೆಯೆಂದು ಸುಳ್ಳು ಸಾಕ್ಷಿ ಹೇಳುತ್ತದೆ. ಆದ್ದರಿಂದ ಬರ್ನರು ಉರಿಯುತ್ತಿರುವಾಗಲೇ ಡಬ್ಬಿಯ ಕೆಳಗಿನ ವಾಲ್ವು ತೆರೆದು ಬಕೆಟ್ಟಿಗೆ ಕೆಸರುನೀರು ಬಿಡಬೇಕು. ಆಗ ಬೆಂಕಿ ತಾನಾಗಿ ಆರಬೇಕು. ಆರಿದರೆ ಗುಂಡು ನಿಜ ಹೇಳುತ್ತಿದೆ ಎಂದು ತಿಳಿಯಬೇಕು. ಐದು ನಿಮಿಷದ ಕೆಲಸ. ಮೊದಲ ವಾರ ಮಾಡಿದೆ. ಮುಂದಿನ ಎರಡು ವಾರ ಹಿಮದಲ್ಲಿ ಅಷ್ಟು ದೂರ ಹೋಗಲು ಬೇಸರವಾಗಿ, ಆಮೇಲೆ ಎಂದೋ ಹೋದಾಗ ದಾಖಲೆ ಪುಸ್ತಕದಲ್ಲಿ 'ಮಾಡಿದೆ' ಎಂದು ಎರಡು ಸಲ ಬರೆದು ರುಜು ಹಾಕಿದೆ.

ಮುದುಕ ಮರಳಿ ಬಂದ ಮಾರನೆಯ ಬೆಳಗ್ಗೆ ಆರೂವರೆಗೆ ನಾವಿಬ್ಬರೂ ನೆಲಮಾಳಿಗೆಗೆ ಇಳಿದೆವು. ಬರ್ನರು ಗುಡುಗುತ್ತಿತ್ತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಖಾಲಿ. ಪೂರ್ತಿ ತುಂಬಿದ ಗಾಜೂ ಮೇಲುನೋಟಕ್ಕೆ ಖಾಲಿಯಂತೆಯೇ ಕಾಣುವುದುಂಟು. ಅವನು ಬಗ್ಗಿ ಕೊಳವೆಯ ಕೆಳಗಿನ ನಲ್ಲಿ ತಿರುಗಿಸಿದ. ಒಂದು ಹನಿ ನೀರು ಬರಲಿಲ್ಲ, ಬುಸ್ಸೆಂದು ಉಗಿ ಬಂತು. ನೀರಿಲ್ಲವೆಂದರೆ ನೀರು ಬಿಡಬೇಕು, ಇದಕ್ಕಿಂತ ಸಹಜವಾದ ತರ್ಕ ಯಾವುದಿದೆ? ನನ್ನ ಕೈ ತಣ್ಣೀರಿನ ವಾಲ್ವಿನ ಮೇಲಿತ್ತು. "ಕೈ ತೆಗೆ!" ಎಂದು ಅವನು ಕೂಗಿದ. ಇಂಗ್ಲಿಷಿನಲ್ಲಿ ನೀನು ನೀವು ಎಂಬ ಭೇದವಿಲ್ಲ, ಆದರೂ ಅಂದು ನನ್ನ ಕಿವಿಗೆ ಅದು ಏಕವಚನದಲ್ಲಿಯೇ ಬಿತ್ತು. ಕೂಗುತ್ತಲೇ ಬರ್ನರಿನ ಸ್ವಿಚ್ಚು ಆರಿಸಿದ್ದ.

ಒಣಗಿ ಕೆಂಡವಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಕಾದ ಹೆಂಚಿಗೆ ನೀರು ಚಿಮುಕಿಸಿ ನೋಡಿದವರಿಗೆ ಹೇಳಬೇಕಾಗಿಲ್ಲ. ನೀರು ಒಮ್ಮೆಗೇ ಉಗಿಯಾಗುತ್ತದೆ. ಅದೇ ಗಳಿಗೆಯಲ್ಲಿ ಲೋಹ ಕುಗ್ಗಿ ಬಿರಿಯುತ್ತದೆ. ಮಾಡಬೇಕಾದದ್ದು ಬೆಂಕಿ ಆರಿಸುವುದು, ನೀರಿನ ತಂಟೆಗೆ ಹೋಗದೆ ಕಾಯುವುದು. ಇದನ್ನು ನಾನೂ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿಯೂ ಬರೆದಿದ್ದೆ.

ಕಾದೆವು. ಹೊರಗೆ ಮೈ ಕೊರೆಯುವ ಚಳಿ. ಆ ನಗರದ ಈಗಿನ ನಿಯಮದಂತೆ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 13 ಡಿಗ್ರಿಗಿಂತ ಕೆಳಗಿಳಿದರೆ ಮನೆಯೊಳಗೆ 20 ಡಿಗ್ರಿಯಾದರೂ ಇರಬೇಕು. ಆಗಲೂ ಶಾಖ ನಿಂತರೆ ಬಾಡಿಗೆದಾರರು ಸುಮ್ಮನಿರುತ್ತಿರಲಿಲ್ಲ. ಒಬ್ಬೊಬ್ಬರಾಗಿ ಕೆಳಗೆ ಬಂದು ಬೈದರು. ಕೋಟಿನ ಮೇಲೆ ಕಂಬಳಿ ಹೊದ್ದ ಅಜ್ಜಿಯೊಬ್ಬಳು ಮುದುಕನನ್ನೇ ಬೈದಳು, ಊರಿಗೆ ಹೋಗಿ ಬಂದು ಸೋಮಾರಿಯಾದೆ ಎಂದು. ಅವನು ನನ್ನತ್ತ ಬೊಟ್ಟು ಮಾಡಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಒಳಗೆ ರಾಗಿ ಅಂಬಲಿಯಂಥ ಕೆಸರು, ಅದರ ಮೇಲೆ ಸುಖವಾಗಿ ಕುಳಿತ ಗುಂಡು. ನೀರು ಹೋದದ್ದೆಲ್ಲಿಗೆಂದರೆ, ರೇಡಿಯೇಟರುಗಳಿಂದ ತಣಿದು ಹಿಂದಿರುಗುವ ನೀರಿನ ಕೊಳವೆ ನೆಲದಡಿ ತುಕ್ಕು ತಿಂದು ಸೋರುತ್ತಿತ್ತು. ಹಾರ್ಟ್‌ಫರ್ಡ್‌ನ ವಿಮಾ ಕಂಪನಿಯವರು 1919ರಲ್ಲಿ ರೂಢಿಗೆ ತಂದ ಒಂದು ಕೊಳವೆ ಜೋಡಣೆಯಿದೆ. ಹಿಂದಿರುಗುವ ಕೊಳವೆ ಒಡೆದರೂ ಬಾಯ್ಲರಿನ ನೀರು ಒಮ್ಮೆಗೇ ಬಸಿದುಹೋಗದಂತೆ ಅದು ತಡೆಯುತ್ತದೆ. ನಮ್ಮಲ್ಲಿಯೂ ಇತ್ತು. ಆದರೆ ಉಗಿಯಾಗಿ ಮೇಲೆ ಹೋದ ನೀರು ದಿನದಿನಕ್ಕೂ ಹಿಂದಿರುಗದಿದ್ದರೆ ಅದೇನು ಮಾಡೀತು? ಗುಂಡು ಹೇಳಬೇಕಿತ್ತು. ನಾನು ಅದರ ಬಾಯಿಗೆ ಕೆಸರು ತುಂಬಿಸಿದ್ದೆ.

ಬಾಯ್ಲರು ಕೈಗೆ ಮುಟ್ಟುವಂತಾದದ್ದು ಸಂಜೆ. ಬಿರುಕು ಬಿಟ್ಟಿದೆಯೇ ಎಂದು ದೀಪ ಹಿಡಿದು ನೋಡಿದೆವು, ಅದೃಷ್ಟ, ಬಿಟ್ಟಿರಲಿಲ್ಲ. ನಿಧಾನವಾಗಿ ನೀರು ತುಂಬಿ, ಒಲೆಯೊಳಗಿನ ಹಳೆಯ ಎಣ್ಣೆಯ ಆವಿ ಹೋಗುವವರೆಗೆ ಗಾಳಿಯಾಡಿಸಿ, ಎಂಟು ಗಂಟೆಗೆ ಬರ್ನರು ಹೊತ್ತಿಸಿದೆವು. ಮೇಲಿನ ಅಂತಸ್ತುಗಳಲ್ಲಿ ಒಂದೊಂದಾಗಿ ರೇಡಿಯೇಟರುಗಳು ಠಣ್ ಠಣ್ ಎಂದು ಬಡಿದುಕೊಳ್ಳತೊಡಗಿದವು.

ಆಗ ಮುದುಕ ದಾಖಲೆ ಪುಸ್ತಕ ತೆಗೆದ. ನನ್ನ ಎರಡು ರುಜುಗಳ ಮೇಲೆ ಬೆರಳಾಡಿಸಿದ, ಏನೂ ಅನ್ನಲಿಲ್ಲ. ಈ ದಿನದ್ದನ್ನು ನೀವೇ ಬರೆಯಿರಿ ಎಂದು ಪೆನ್ನು ಕೊಟ್ಟ. ಮೊದಲು ಹಿಂದಿನ ಎರಡು ಸಾಲುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಮಾಡಲಿಲ್ಲ' ಎಂದು ಬರೆದೆ. ಆಮೇಲೆ ಆ ದಿನದ್ದನ್ನು ಬರೆದೆ.