ಹೊತ್ತು ನೋಡಿ ಉಣ್ಣುವುದು ಮತ್ತು ಹಸಿವು

(ಹೊರರೋಗಿ ವಿಭಾಗದಲ್ಲಿ ರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ನೀಡಿದ ಆರೋಗ್ಯ ತಿಳಿವಳಿಕೆ ಮಾತಿನ ಬರಹರೂಪ)



ತೂಕ ಇಳಿಸಿಕೊಳ್ಳಿ ಎಂದು ಡಾಕ್ಟರಿಂದ ಹೇಳಿಸಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಮೊಣಕಾಲು ನೋವು, ಬಿ.ಪಿ., ಸಕ್ಕರೆ ಕಾಯಿಲೆ, ಕಾರಣ ಯಾವುದೇ ಇರಲಿ. ಹದಿನಾರು ತಾಸು ಉಪವಾಸವಿದ್ದು ಎಂಟು ತಾಸಿನೊಳಗೆ ಉಣ್ಣುವ ಪದ್ಧತಿ ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಅದನ್ನು ಹಿಡಿದವರು ನನ್ನಲ್ಲಿ ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ಸಿಸ್ಟರ್, ಹಸಿವು ಹೆಂಗ ತಡಕೊಳ್ಳೋದು?" ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಒಂದು ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು. ಊಟ ನಿಂತರೂ ಗುಳಿಗೆ ತನ್ನ ಕೆಲಸ ನಿಲ್ಲಿಸುವುದಿಲ್ಲ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಟಿ.ಬಿ. ಗುಳಿಗೆ ತೆಗೆದುಕೊಳ್ಳುತ್ತಿರುವವರು, ಈಗಾಗಲೇ ಸೊರಗಿದವರು ಈ ಉಪವಾಸಕ್ಕೆ ಕೈ ಹಾಕುವುದು ಬೇಡ.

ಇನ್ನು ಹಸಿವಿಗೆ ಬರೋಣ. ನಮ್ಮ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಊಟದ ಹೊತ್ತು ಸಮೀಪಿಸಿದಂತೆ ಇದು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಇದಕ್ಕೆ ಗಡಿಯಾರದ ರೂಢಿ ಇದೆ. ನೀವು ದಿನಾ ಎಂಟಕ್ಕೆ ಉಪ್ಪಿಟ್ಟು ತಿನ್ನುವವರಾದರೆ ಎಂಟಕ್ಕೇ ಹೊಟ್ಟೆ ಚುರುಗುಟ್ಟುತ್ತದೆ. ಆ ಹೊತ್ತಿನಲ್ಲಿ ತಿನ್ನದೇ ಇದ್ದರೆ ಹಸಿವು ಏರುತ್ತಲೇ ಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ತಗ್ಗಿ, ಮುಂದಿನ ಊಟದ ಹೊತ್ತಿಗೆ ಮತ್ತೆ ಬರುತ್ತದೆ. ಆದ್ದರಿಂದ ಹೊಸ ಹೊತ್ತಿಗೆ ಹೊಂದಿಕೊಳ್ಳುವಾಗ ಮೊದಲ ವಾರವೇ ಕಷ್ಟ. ಎರಡು ಮೂರು ವಾರ ಒಂದೇ ಹೊತ್ತು ಪಾಲಿಸಿದರೆ ಅನೇಕರಿಗೆ ಆ ಚುರುಗುಟ್ಟುವಿಕೆ ಕಡಿಮೆಯಾಗುತ್ತದೆ. ಇವತ್ತು ಎಂಟಕ್ಕೆ, ನಾಳೆ ಹನ್ನೊಂದಕ್ಕೆ ಎಂದು ಮಾಡಿದರೆ ಹೊಟ್ಟೆಗೆ ರೂಢಿಯಾಗುವುದೇ ಇಲ್ಲ.

ಆದರೆ ಮೊಬೈಲಿನ ವೀಡಿಯೋಗಳು ಸಾಮಾನ್ಯವಾಗಿ ಹೇಳದ ಇನ್ನೊಂದು ಹಸಿವಿದೆ. ಅದು ಹೊತ್ತಿನ ಹಸಿವಲ್ಲ, ತೂಕ ಇಳಿದದ್ದರಿಂದ ಬರುವ ಹಸಿವು. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಇನ್ನೊಂದು ಹಾರ್ಮೋನು ಕಡಿಮೆಯಾಗುತ್ತದೆ, ಗ್ರೆಲಿನ್ ಹೆಚ್ಚುತ್ತದೆ. ಕಳೆದುಕೊಂಡದ್ದನ್ನು ಮತ್ತೆ ಕೂಡಿಸು ಎಂದು ದೇಹ ಒತ್ತಾಯಿಸುತ್ತದೆ. ಅಮೆರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ 2016ರಲ್ಲಿ ಇದರ ಲೆಕ್ಕ ಹಾಕಿತು: ಒಂದು ಕಿಲೋ ತೂಕ ಇಳಿದರೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ತಿನ್ನುವ ಬಯಕೆ ಹುಟ್ಟುತ್ತದೆ. ಅಂದರೆ ಕಿಲೋಗೆ ಒಂದು ಸಣ್ಣ ಚಪಾತಿ. ಐದು ಕಿಲೋ ಇಳಿಸಿದವರ ಹೊಟ್ಟೆ ದಿನವೂ ಐದು ಚಪಾತಿ ಹೆಚ್ಚು ಕೇಳುತ್ತದೆ ಎಂದಾಯಿತು! ಮೂರು ತಿಂಗಳು ಚೆನ್ನಾಗಿ ನಡೆಸಿ ನಾಲ್ಕನೆಯ ತಿಂಗಳು ಸೋತವರನ್ನು "ಬಾಯಿಚಪಲ" ಎಂದು ಮನೆಯವರು ಆಡಿಕೊಳ್ಳುತ್ತಾರೆ. ಅದು ಚಪಲವಲ್ಲ. ಜೊತೆಗೆ ಬಂದಿರುವ ಅಕ್ಕ ಅಣ್ಣಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಉಪವಾಸದ ಪದ್ಧತಿ ಈ ಎರಡನೆಯ ಹಸಿವನ್ನು ಅಳಿಸುವುದಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಮಂದಿಯ ಮೇಲೆ ನಡೆದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಒಂದೇ ಅಳತೆಯ ಆಹಾರ ಹೇಳಿದ್ದರು. ಒಂದು ಗುಂಪು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಈ ಗುಂಪಿನವರು ಸರಾಸರಿ 8 ಕಿಲೋ, ಇನ್ನೊಂದು ಗುಂಪಿನವರು 6.3 ಕಿಲೋ ಇಳಿದಿದ್ದರು. ಈ ವ್ಯತ್ಯಾಸ ಖಚಿತ ಎನ್ನುವಷ್ಟು ದೊಡ್ಡದಲ್ಲ ಎಂದೇ ಸಂಶೋಧಕರು ತೀರ್ಮಾನಿಸಿದರು. ಹಾಗಾಗಿ ಮೂರು ಹೊತ್ತು ಮಿತವಾಗಿ ಉಣ್ಣುವುದು ನಿಮಗೆ ಹಿಡಿಸಿದರೆ ಅದನ್ನೇ ಮಾಡಿ, ನಷ್ಟವೇನಿಲ್ಲ.

ಹೊತ್ತು ಕಟ್ಟಿಕೊಳ್ಳುವುದಾದರೆ ರಾತ್ರಿ ಊಟ ಬೇಗ ಮುಗಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹನ್ನೊಂದು ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಮೆರಿಕದ ಸಣ್ಣ ಅಧ್ಯಯನವೊಂದರಲ್ಲಿ, ದಿನದ ಊಟವನ್ನೆಲ್ಲ ಬೇಗ ಮುಗಿಸಿದಾಗ ಗ್ರೆಲಿನ್ ಕಡಿಮೆಯಿತ್ತು, ಹಸಿವಿನ ಏರಿಳಿತವೂ ಕಡಿಮೆಯಿತ್ತು. ನಮ್ಮಲ್ಲಿ ಬಹಳ ಮಂದಿ ಬೆಳಗಿನ ನಾಷ್ಟಾ ಬಿಟ್ಟು, ರಾತ್ರಿ ಹತ್ತಕ್ಕೆ ಧಾರಾವಾಹಿ ನೋಡುತ್ತಾ ಹೊಟ್ಟೆ ಬಿರಿಯ ಉಣ್ಣುತ್ತಾರೆ. ಮೊದಲು ರಾತ್ರಿ ಏಳೂವರೆಯಿಂದ ಬೆಳಿಗ್ಗೆ ಏಳೂವರೆವರೆಗೆ ಹನ್ನೆರಡು ತಾಸು ಮಾಡಿ ನೋಡಿ. ನಡುವೆ ನೀರು ಕುಡಿಯಿರಿ. ಸಕ್ಕರೆ ಹಾಕಿದ ಚಹಾ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಕಪ್ಪಿಗೆ ಎರಡೆರಡು ಚಮಚದಂತೆ ಎಂಟು ಚಮಚ ಸಕ್ಕರೆ ಒಳಗೆ ಹೋಗಿರುತ್ತದೆ.

ಉಪವಾಸ ಮುರಿಯುವ ಊಟ ಎಲ್ಲಕ್ಕಿಂತ ಮುಖ್ಯ. ಸೋಮವಾರದ ಉಪವಾಸದ ಫಲಾಹಾರವನ್ನೇ ನೋಡಿ: ಸಾಬೂದಾಣಿ ಎಂದರೆ ಬಹುತೇಕ ಬರೀ ಪಿಷ್ಟ, ಅದನ್ನು ಎಣ್ಣೆಯಲ್ಲಿ ಒಗ್ಗರಿಸಿ ಎರಡು ತಟ್ಟೆ ತಿಂದರೆ ತೂಕ ಹೇಗೆ ಇಳಿಯಬೇಕು? ಬೇಗ ಹೊಟ್ಟೆ ತುಂಬಿಸಿ, ತುಂಬಾ ಹೊತ್ತು ತಡೆಯುವುದು ಬೇಳೆಕಾಳು ಮತ್ತು ನಾರು. ಒಂದು ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಹಸಿ ಸೌತೆಕಾಯಿ, ಒಂದು ಬಟ್ಟಲು ಮಜ್ಜಿಗೆ. ಶೇಂಗಾ ಚಟ್ನಿ ಬೇಡವೆನ್ನುವುದಿಲ್ಲ, ಒಂದು ಚಮಚ ಸಾಕು. ನಿಧಾನವಾಗಿ ಅಗಿದು ಉಣ್ಣಿ. ಸಾಕಾಯಿತು ಎಂಬ ಸೂಚನೆ ಮಿದುಳಿಗೆ ಮುಟ್ಟಲು ಸ್ವಲ್ಪ ಸಮಯ ಬೇಕು.

ತಿಂಗಳಿಗೆ ಎರಡು ಕಿಲೋಗಿಂತ ಹೆಚ್ಚು ಇಳಿಸುವ ಆತುರ ಬೇಡ. ಪ್ರಯತ್ನಿಸದೇ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ತಪಾಸಣೆಗೆ ಬನ್ನಿ.

ಮನೆಯವರು ಇದನ್ನು ನೆನಪಿಡಿ. ಉಪವಾಸದಲ್ಲಿರುವವರಿಗೆ ಬೆವರು, ಕೈನಡುಕ, ಎದೆಬಡಿತ, ಮಾತು ತಡವರಿಸುವುದು ಕಂಡರೆ ಅದು ಬರೀ ಹಸಿವಲ್ಲ, ಸಕ್ಕರೆ ಇಳಿದಿರಬಹುದು. ವ್ರತ ಕೆಡುತ್ತದೆಂದು ಕಾಯಬೇಡಿ. ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ನೋಡಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆತನ್ನಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಹೊರಡಿ. ಬರುವಾಗ ಅವರು ನುಂಗುವ ಗುಳಿಗೆಗಳೆಲ್ಲ ಜೊತೆಗಿರಲಿ.