ಡಬ್ಬಿ ಓದಿ, ಆಮೇಲೆ ಕುಡಿಯಿರಿ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಮಾತ್ರೆ, ಟಾನಿಕ್ಕು, ಪುಡಿ ಇವುಗಳ ಬಗ್ಗೆ ಮಾತಾಡೋಣ. ಪೀಣ್ಯದ ಗಾರ್ಮೆಂಟ್ಸ್ ಆಗಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಆಗಲಿ, ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಆಗಲಿ, ಕೆಲಸಕ್ಕೆ ಹೋಗುವ ಹೆಂಗಸರು ಕೇಳುವ ಪ್ರಶ್ನೆ ಒಂದೇ.

"ಶುಗರ್ ಬಂದಿದೆ. ಅನ್ನ, ಮುದ್ದೆ ಬಿಟ್ಟಿದ್ದೀನಿ. ಶಕ್ತಿಗೆ ಅಂತ ಕೊಟ್ಟ ಮಾತ್ರೆ ನುಂಗೋಕೆ ಆಗಲ್ಲ. ಅದರ ಬದಲು ಪುಡಿ ಕಲಸಿ ಕುಡಿದರೆ ಸಾಲದಾ?"

ಒಳ್ಳೇ ಪ್ರಶ್ನೆ. ಒಂದೊಂದಾಗಿ ನೋಡೋಣ.

ಅನ್ನ, ಮುದ್ದೆ ಬಿಡಬೇಕಾ?

ಅನ್ನ, ಮುದ್ದೆ, ಚಪಾತಿ ಎಲ್ಲವೂ ಹೊಟ್ಟೆಯಲ್ಲಿ ಸಕ್ಕರೆ ಆಗುತ್ತವೆ. ಅದಕ್ಕೇ ಶುಗರ್ ಇರುವವರು ಅವನ್ನು ಕಡಿಮೆ ಮಾಡಬೇಕು. ಕಡಿಮೆ ಮಾಡುವುದು ಬೇರೆ, ಪೂರ್ತಿ ಬಿಡುವುದು ಬೇರೆ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಮೂಳೆಗೆ ಬೇಕಾದದ್ದು ಇದೇ. ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಆದ್ದರಿಂದ ಮೊದಲು ಅನ್ನ ಕಡಿಮೆ ಮಾಡಿ. ಮುದ್ದೆ ಚಿಕ್ಕದಾಗಲಿ, ತಟ್ಟೆಯಿಂದ ಮಾಯ ಆಗೋದು ಬೇಡ.

ತಟ್ಟೆಯನ್ನು ನಾಲ್ಕು ಭಾಗ ಮಾಡಿ. ಎರಡು ಭಾಗ ಸೊಪ್ಪು, ತರಕಾರಿ. ಒಂದು ಭಾಗ ಕಾಳು, ಬೇಳೆ, ಮೊಟ್ಟೆ ಇಲ್ಲವೇ ಮೀನು. ಉಳಿದ ಒಂದು ಭಾಗ ಮುದ್ದೆ ಅಥವಾ ಅನ್ನ.

ಇನ್ನೊಂದು ಎಚ್ಚರ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಶುಗರ್‌ಗೆ ಮಾತ್ರೆ ತಗೊಳ್ಳುವವರು ತಾವಾಗಿಯೇ ಊಟ ಬಿಡಬಾರದು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಡಬಹುದು. ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಹೊಲಿಗೆ ಮಿಷನ್ ಮುಂದೆ ಹೀಗಾದರೆ ಏನು ಗತಿ? ಹಾಗಾದ ತಕ್ಷಣ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು. ಡಾಕ್ಟರಿಗೆ ಹೇಳಿಯೇ ಊಟ ಕಡಿಮೆ ಮಾಡಿ.

ಮಾತ್ರೆ ಯಾಕೆ ಕೊಡುತ್ತಾರೆ?

2019ರಿಂದ 2021ರವರೆಗೆ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ ಅಂತ ಗೊತ್ತಾಯಿತು. ಅಂದರೆ ಹತ್ತಿರ ಹತ್ತಿರ ಅರ್ಧ. ಸುಸ್ತು, ಏದುಸಿರು, ತಲೆಸುತ್ತು ಇವೆಲ್ಲ ಅದರ ಗುರುತು.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಇದಕ್ಕೇ. ದೊಡ್ಡವರ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಮ್ಲ ಇದೆ. ಗರ್ಭಿಣಿಯರು 4ನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಹೆರಿಗೆ ಆದ ಮೇಲೂ 180 ದಿನ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಇಷ್ಟು ಕಬ್ಬಿಣ ಒಂದು ಲೋಟ ಪುಡಿಯ ಹಾಲಿನಲ್ಲಿ ಸಿಗೋದಿಲ್ಲ. ಹಾಗಾಗಿ ಪುಡಿ ಈ ಮಾತ್ರೆಯ ಜಾಗಕ್ಕೆ ಬರಲಾರದು.

"ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ" ಅಂತೀರಾ? ರಾತ್ರಿ ಊಟ ಆದ ಮೇಲೆ ನುಂಗಿ ನೋಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದಿಂದ. ಮಾತ್ರೆ ಜೊತೆ ಟೀ, ಕಾಫಿ, ಹಾಲು ಬೇಡ. ಅವು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ. ಸುಣ್ಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗಿ.

ಏನು ಮಾಡಿದರೂ ನುಂಗೋಕೆ ಆಗದಿದ್ದರೆ ಡಾಕ್ಟರಿಗೆ ಹೇಳಿ. ಕುಡಿಯುವ ಕಬ್ಬಿಣದ ಔಷಧಿಯೂ ಇದೆ. ಎಷ್ಟು ಕುಡಿಯಬೇಕು ಅಂತ ಅವರೇ ಹೇಳುತ್ತಾರೆ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಅಳೆಯಿರಿ. ಹಲ್ಲು ಕಪ್ಪಾಗದಂತೆ ಬಾಯಿ ಮುಕ್ಕಳಿಸಿ. ಮಾತ್ರೆ, ಔಷಧಿ ಎರಡೂ ಮಕ್ಕಳ ಕೈಗೆ ಸಿಗಬಾರದು. ಚಿಕ್ಕ ಮಕ್ಕಳು ಹೆಚ್ಚು ಕಬ್ಬಿಣ ನುಂಗಿದರೆ ಜೀವಕ್ಕೇ ಅಪಾಯ.

ಡಬ್ಬಿಯಲ್ಲಿ ಏನಿದೆ?

ಟಿವಿಯಲ್ಲಿ ತೋರಿಸುತ್ತಾರೆ. ಕೆಲಸದ ಮನೆಯ ಮೇಡಂ ಕುಡಿಯುತ್ತಾರೆ. ಡಬ್ಬಿ ಚೆನ್ನಾಗಿದೆ. ಇಷ್ಟಕ್ಕೇ ಕೊಳ್ಳಬೇಡಿ. ನಿಮಗೀಗ ಓದಲು ಬರುತ್ತದೆ, ಓದಿ ಕೊಳ್ಳಿ.

ಡಬ್ಬಿಯ ಮೇಲೆ ಕನ್ನಡ ಸಾಮಾನ್ಯವಾಗಿ ಇರೋದಿಲ್ಲ. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇದ್ದರೆ ಸಾಕು ಅಂತ ಕಾನೂನಿದೆ. ಆದರೆ ಅಂಕಿ ನಿಮಗೆ ಗೊತ್ತಲ್ಲ? ಹಿಂದುಗಡೆ ಒಂದು ಪಟ್ಟಿ ಇರುತ್ತದೆ. ಶುಗರ್ ಅನ್ನೋ ಸಾಲು ಯಾವುದು ಅಂತ ಮಕ್ಕಳನ್ನು ಕೇಳಿ. ಅದರ ಮುಂದಿನ ಅಂಕಿ ನೀವೇ ಓದಿ.

100 ಗ್ರಾಂ ಪುಡಿಯಲ್ಲಿ 30 ಗ್ರಾಂ ಸಕ್ಕರೆ ಇದೆ ಅಂತ ಇಟ್ಟುಕೊಳ್ಳಿ. ಅಷ್ಟು ಸಕ್ಕರೆ ಇರುವ ಪುಡಿಗಳು ಅಂಗಡಿಯಲ್ಲಿ ಇವೆ. ಒಂದು ಸಲಕ್ಕೆ 20 ಗ್ರಾಂ ಪುಡಿ ಹಾಕಿದರೆ 6 ಗ್ರಾಂ ಸಕ್ಕರೆ. ದಿನಕ್ಕೆ ಎರಡು ಸಲ ಕುಡಿದರೆ 12 ಗ್ರಾಂ. ಮೇಲೆ ನೀವು ಹಾಕಿಕೊಳ್ಳುವ ಸಕ್ಕರೆ ಬೇರೆ. ಶುಗರ್ ಅಂತ ಮುದ್ದೆ ಬಿಟ್ಟು ಸಕ್ಕರೆ ಕುಡಿದ ಹಾಗಾಯಿತು ಅಲ್ಲವೇ?

2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೂ ಒಂದು ಮಾತು ಹೇಳಿತು. ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಎಂಬ ಪಟ್ಟಿಯಲ್ಲಿ ಇಟ್ಟು ಮಾರಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು. ಯಾಕೆಂದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅಂದರೆ ಏನು ಅಂತ ಹೇಳೇ ಇಲ್ಲ.

ಇನ್ನು ನೀರಿಗೆ ಹಾಕಿದರೆ ಬುಸ್ಸನೆ ಕರಗುವ ಮಾತ್ರೆಗಳಿವೆ. ಕುಡಿಯೋಕೆ ರುಚಿ. ಆದರೆ ಅವುಗಳಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ಬಹಳ ಇರಬಹುದು. ಬಿ.ಪಿ. ಇರುವವರು ಕೇಳದೆ ಕುಡಿಯಬೇಡಿ.

ನಮ್ಮ ಮನೆಯ ಟಾನಿಕ್ಕು

ನಮ್ಮ ಬಸ್ಸಾರು ಇದೆಯಲ್ಲ, ಅದೂ ಕುಡಿಯುವ ಟಾನಿಕ್ಕೇ. ಸೊಪ್ಪು, ಕಾಳು ಬೇಯಿಸಿದಾಗ ಕೆಲವು ಜೀವಸತ್ವಗಳು ನೀರಿಗೆ ಇಳಿಯುತ್ತವೆ. ಬಸಿದು ಚೆಲ್ಲಿದರೆ ಎಲ್ಲಾ ಚರಂಡಿ ಪಾಲು. ನಮ್ಮ ಅಜ್ಜಿಯರು ಆ ನೀರನ್ನು ಚೆಲ್ಲಲಿಲ್ಲ, ಸಾರು ಮಾಡಿದರು. ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಸಹಾಯ ಮಾಡುತ್ತದೆ. ನೆಲ್ಲಿಕಾಯಿಯೂ ಆಗುತ್ತದೆ.

ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಅದರಲ್ಲಿ ಸುಣ್ಣದ ಅಂಶ ಇದೆ, ಬಿ12 ಜೀವಸತ್ವವೂ ಇದೆ. ಬಿ12 ಸೊಪ್ಪು, ಕಾಳಿನಲ್ಲಿ ಸಿಗೋದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತಗೊಂಡರೆ ಬಿ12 ಕಡಿಮೆ ಆಗಬಹುದು. ಕಾಲು ಜುಮ್ಮೆಂದರೆ ಡಾಕ್ಟರಿಗೆ ಹೇಳಿ, ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಒಂದು ಮಾತು ನೆನಪಿಡಿ. ಬಸ್ಸಾರು, ಮಜ್ಜಿಗೆ ದಿನದ ಊಟಕ್ಕೆ. ರಕ್ತ ಕಡಿಮೆ ಆಗಿದ್ದರೆ ಅದರ ಜೊತೆಗೆ ಮಾತ್ರೆಯೂ ಬೇಕೇ ಬೇಕು.

ಮೊದಲು ಪರೀಕ್ಷೆ

ಪುಡಿ ಡಬ್ಬಿಗೆ ದುಡ್ಡು ಹಾಕುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ. ಚೀಟಿಯಲ್ಲಿ ಆ ಅಂಕಿಯನ್ನು ನೀವೇ ಓದಿ ನೋಡಿ.

ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ನಮ್ಮ ಕ್ಲಿನಿಕ್ ಇದೆ. ಫ್ಯಾಕ್ಟರಿಯಲ್ಲಿ ಇಎಸ್‌ಐ ಇರುವವರ ಸಂಬಳದಲ್ಲಿ 100 ರೂಪಾಯಿಗೆ 75 ಪೈಸೆ ಹಿಡಿಯುತ್ತಾರೆ. 2019ರ ಜುಲೈನಿಂದ ಇದೇ ಲೆಕ್ಕ. ಅದು ನಿಮ್ಮ ದುಡಿಮೆಯ ದುಡ್ಡು. ಇಎಸ್‌ಐ ಆಸ್ಪತ್ರೆಗೆ ಹೋಗಲು ಸಂಕೋಚ ಯಾಕೆ?

ನಾಳೆ ಬರುವಾಗ ಮನೆಯಲ್ಲಿರುವ ಒಂದೊಂದು ಖಾಲಿ ಡಬ್ಬಿ ತನ್ನಿ. ಇಲ್ಲೇ ಕೂತು ಎಲ್ಲರೂ ಸೇರಿ ಓದೋಣ.