ಮಂಜಿನೊಳಗಿನ ಧ್ವನಿ



ಕುಯ್ಲಿನ ಕಾಲದ ಬೆಳಗಿನಲ್ಲಿ ಕಳಸದ ಕಡೆಯ ಕಾಫಿ ತೋಟಗಳೊಳಗೆ ನಡೆದವರಿಗೆ, ಹಣ್ಣು ಕುಯ್ಯುವ ಹೆಂಗಸರ ಮಾತು ಮಂಜಿನೊಳಗಿಂದ ನಿಚ್ಚಳವಾಗಿ ಕೇಳಿಸುತ್ತಿದ್ದರೂ ಆಡುವವರ ಮುಖ ಮಾತ್ರ ತೋರದಿರುವ ಅನುಭವ ಹೊಸತಲ್ಲ. ಕುದುರೆಮುಖದ ಈ ತಪ್ಪಲಿನಲ್ಲಿ ನಿಂತು ಇಂದು ನಾನು ಹೇಳಹೊರಟಿರುವುದು ಅಂಥದೇ ಒಂದು ಧ್ವನಿಯನ್ನು ಕುರಿತು: ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಹನ್ನೆರಡು ವೈಜ್ಞಾನಿಕ ಕಥೆಗಳುಳ್ಳ ‘ವಾರ್ಮ್ ವರ್ಲ್ಡ್ಸ್ ಅಂಡ್ ಅದರ್‌ವೈಸ್’ ಎಂಬ ಸಂಕಲನದ ಧ್ವನಿ.

ಸ್ವತಃ ಪ್ರಸಿದ್ಧ ಕಥೆಗಾರರಾದ ರಾಬರ್ಟ್ ಸಿಲ್ವರ್‌ಬರ್ಗ್ ಅದಕ್ಕೆ ಮುನ್ನುಡಿ ಬರೆಯುತ್ತ, ಗ್ರಂಥಕರ್ತರು ಸ್ತ್ರೀಯಾಗಿರಬಹುದೆಂಬ ಗುಮಾನಿಯನ್ನು ತಳ್ಳಿಹಾಕಿ, ಬರೆದವರು ಪುರುಷರೆಂಬುದಕ್ಕೆ ಈ ಶೈಲಿಯ ಪೌರುಷವೇ ಪ್ರಮಾಣವೆಂದು ತೀರ್ಪಿತ್ತರು. ಮರುವರ್ಷ, ಎಂದರೆ 1976ರ ಕೊನೆಯಲ್ಲಿ, ಶಿಕಾಗೋ ನಗರದ ವೃದ್ಧೆಯೊಬ್ಬರ ಮರಣವಾರ್ತೆಯ ಜಾಡು ಹಿಡಿದವರಿಗೆ ಆಕೆಯ ಮಗಳೇ ಟಿಪ್ಟ್ರೀ ಎಂಬುದು ಗೋಚರವಾಯಿತು. ಆ ಮಗಳು, ಅರುವತ್ತೊಂದು ವರ್ಷದ ಆಲಿಸ್ ಶೆಲ್ಡನ್, ಬಾಲ್ಯದಲ್ಲಿ ತಾಯ್ತಂದೆಯರೊಡನೆ ಆಫ್ರಿಕದ ಕಾಡುಗಳನ್ನು ಕಂಡವರು. ಯುದ್ಧಕಾಲದಲ್ಲಿ ಸೈನ್ಯವನ್ನು ಸೇರಿ, ವಿಮಾನದಿಂದ ತೆಗೆದ ಛಾಯಾಚಿತ್ರಗಳಲ್ಲಿ ಅಡಗಿರುವುದನ್ನು ಓದುವ ವಿದ್ಯೆ ಕಲಿತವರು. 1967ರಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಕಾವ್ಯನಾಮದಲ್ಲಿನ ‘ಟಿಪ್ಟ್ರೀ’ಯೋ, ಅಂಗಡಿಯಲ್ಲಿ ಕಂಡ ಮಾರ್ಮಲೇಡ್ ಸೀಸೆಯ ಮೇಲಿನದು.

ಕನ್ನಡದಲ್ಲಿ ಅನಸೂಯಾ ಶಂಕರ್ ತ್ರಿವೇಣಿಯಾದರು, ಬಿ.ಎನ್. ಸುಬ್ಬಮ್ಮ ವಾಣಿಯಾದರು; ವ್ಯಕ್ತಿಯನ್ನು ಮರೆಮಾಡಿದ ಆ ಹೆಸರುಗಳು ಸ್ತ್ರೀತ್ವವನ್ನು ಮರೆಮಾಡಲಿಲ್ಲ. ಟಿಪ್ಟ್ರೀ ಎಂಬ ಹೆಸರು ಬರಿಯ ಮರೆಯಷ್ಟೇ ಆಗಿರದೆ, ಕಥೆ ಹೇಳುವ ವಿಧಾನವೂ ಆಗಿತ್ತೆಂಬುದು ನನ್ನ ನಂಬಿಕೆ. ಸಂಕಲನದ ಶಿಖರಪ್ರಾಯವಾದ ‘ದಿ ವಿಮೆನ್ ಮೆನ್ ಡೋಂಟ್ ಸೀ’ ಕಥೆಯನ್ನೇ ನೋಡಿ. ಮೆಕ್ಸಿಕೋದ ಯುಕಾಟಾನ್ ತೀರದಲ್ಲಿ ಪುಟ್ಟ ವಿಮಾನವೊಂದು ಕಾಂಡ್ಲಾ ಗಿಡಗಳ ಜೌಗಿನಲ್ಲಿ ಬೀಳುತ್ತದೆ. ಕಥೆ ಹೇಳುವ ಫೆಂಟನ್ ಎಂಬ ಪುರುಷನು, ತನ್ನೊಡನಿರುವ ರೂತ್ ಎಂಬಾಕೆಯನ್ನೂ ಅವಳ ಮಗಳನ್ನೂ ರಕ್ಷಿಸಬೇಕಾದವರೆಂದೋ ತನ್ನತ್ತ ಒಲಿಯುವವರೆಂದೋ ಊಹಿಸುತ್ತಲೇ ಇರುವಾಗ, ಆ ತಾಯಿಮಗಳು ಅನ್ಯಲೋಕದಿಂದ ಬಂದವರನ್ನು ತಾವಾಗಿಯೇ ಬೇಡಿಕೊಂಡು ಭೂಮಿಯನ್ನು ತೊರೆದು ಹೋಗುತ್ತಾರೆ. ಇದನ್ನು ರೂತಳೇ ಹೇಳಿದ್ದರೆ ದೂರಿನಂತೆ ಕೇಳಿಸಿ ಮುಗಿಯುತ್ತಿತ್ತು; ಫೆಂಟನ್ ಹೇಳುವುದರಿಂದ ಅವನ ಕುರುಡು ಅವನ ಬಾಯಿಂದಲೇ ವಾಕ್ಯವಾಕ್ಯಕ್ಕೂ ಬಯಲಾಗುತ್ತದೆ. ಇದನ್ನು ಪುರುಷನೇ ಬರೆದನೆಂದು ನಂಬಿದವರು ಆ ಕುರುಡನ್ನು ವಿಶ್ವಾಸದಿಂದ ಓದಿದರು. ಈ ಕಥೆ ವೈಜ್ಞಾನಿಕ ಕಥೆಗಳ ನೆಬ್ಯುಲಾ ಪ್ರಶಸ್ತಿಯ ಸ್ಪರ್ಧೆಗೆ ಬಂದಾಗ ಶೆಲ್ಡನ್ ಅದನ್ನು ಹಿಂದಕ್ಕೆ ಪಡೆದುದು, ತಾನು ಧರಿಸಿದ ಮುಖವಾಡದಿಂದ ಲಾಭ ಪಡೆಯಬಾರದೆಂಬ ಧರ್ಮಬುದ್ಧಿಯಿಂದಲೇ ಎಂದು ನನಗೆ ತೋರುತ್ತದೆ.

ಮೂಡಿಗೆರೆಯ ಕಾಡಿನಿಂದ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿ ಇಲ್ಲಿ ನೆನಪಾಗದಿರದು. ಊರವರು ಪೆದ್ದನೆಂದು ಬಗೆದ ಮಂದಣ್ಣನಲ್ಲಿ ನಿಸರ್ಗವನ್ನು ಬಲ್ಲವನನ್ನು ಕಂಡ ವಿಜ್ಞಾನಿ ಕರ್ವಾಲೊ ಅವರ ಕಣ್ಣು ಫೆಂಟನ್ನನಿಗೆ ಇರಲಿಲ್ಲ.

ಟಿಪ್ಟ್ರೀಯ ಸಂಕಲನದ 1979ರ ಮರುಮುದ್ರಣದಲ್ಲಿ ಸಿಲ್ವರ್‌ಬರ್ಗ್ ತಮ್ಮ ಪ್ರಮಾದವನ್ನು ಒಪ್ಪಿ ಟಿಪ್ಪಣಿ ಸೇರಿಸಿದರು. ಮೊದಲಿನ ಮುನ್ನುಡಿಯನ್ನೂ ಅಳಿಸದೆ, ಅದರ ಬೆನ್ನಿಗೇ ಈ ಟಿಪ್ಪಣಿಯನ್ನಿರಿಸಿದರು.